ಮಂದಿ ತುಂಬಿಟ್ಟ ಹಗೇವು

ಕಾಕಾನ ಪ್ರಿಂಟಿಂಗ್ ಅಂಗಡಿಗೆ ಕಂಪ್ಯೂಟರ್ ಬಂದಾಗ ನಾನು ಎಂಟನೆಯ ಇಯತ್ತೆಯಲ್ಲಿದ್ದೆ. ಹುಬ್ಬಳ್ಳಿಯಲ್ಲಿ ಯಾರೋ ಬಳಸಿ ಬಿಟ್ಟದ್ದನ್ನು ತಂದದ್ದು. ಆದರೂ ಅದಕ್ಕೆ ಕುಂಕುಮ ಹಚ್ಚಿ, ಕಾಯಿ ಒಡೆದು, ಹೂವಿನ ಬಟ್ಟೆಯಲ್ಲಿ ಮೂರು ಹೊದಿಕೆ ಹೊಲಿಸಿ, ಮನೆಗೆ ಬಂದ ಹೊಸ ಸೊಸೆಗೂ ಮಾಡದಷ್ಟು ಉಪಚಾರ ಮಾಡಿದರು. ಅಂಗಡಿಯೊಳಗೆ ಕಾಲಿಡುವ ಮೊದಲು ಚಪ್ಪಲಿ ಬಿಡಬೇಕು. ಧೂಳು ಹೋದರೆ ಕಂಪ್ಯೂಟರಿಗೆ ವೈರಸ್ ಬರುತ್ತದೆ ಎಂದು ಕಾಕಾ ಗಟ್ಟಿಯಾಗಿ ನಂಬಿದ್ದ. ರೋಣದ ಬೇಸಿಗೆಯಲ್ಲಿ ಧೂಳನ್ನು ಹೊರಗಿಡುವುದು ಸಣ್ಣ ಕೆಲಸವಲ್ಲ. ದಿನಕ್ಕೆ ನಾಲ್ಕು ಸಲ ಅಂಗಡಿಯ ಮುಂದೆ ನೀರು ಹೊಡೆಯಬೇಕಿತ್ತು, ಹೊಡೆಯುವವಳು ನಾನೇ ಆಗಿದ್ದೆ.

ಕಂಪ್ಯೂಟರ್ ನಡೆಸುವವನು ಕಾಕಾನ ಮಗ. ಗದಗಿನಲ್ಲಿ ಆರು ತಿಂಗಳು ಡಿಟಿಪಿ ಕಲಿತು ಬಂದಿದ್ದ. ನನಗಿಂತ ಏಳೆಂಟು ವರ್ಷಕ್ಕೆ ದೊಡ್ಡವನು, ಅಣ್ಣ ಎಂದೇ ಕರೆಯುತ್ತಿದ್ದೆ. ಬೆಳಿಗ್ಗೆ ಲಗ್ನಪತ್ರಿಕೆ, ಹ್ಯಾಂಡ್‌ಬಿಲ್ಲು, ಗಿರಣಿಯ ಪಾವತಿ ಪುಸ್ತಕ ಎಂದು ಅಂಗಡಿಯಲ್ಲಿ ಗದ್ದಲವೋ ಗದ್ದಲ. ಮಧ್ಯಾಹ್ನ ಒಂದಕ್ಕೆ ಕಾಕಾ ಊಟಕ್ಕೆ ಮನೆಗೆ ಹೋದರೆ, ಉಂಡು ಒಂದು ನಿದ್ದೆ ತೆಗೆದು ಬರುವಷ್ಟರಲ್ಲಿ ನಾಲ್ಕಾಗುತ್ತಿತ್ತು. ಆ ಮೂರು ತಾಸು ಅಂಗಡಿ ನಮ್ಮದು. ಕರೆಂಟು ಇದ್ದರೆ, ಅಷ್ಟೇ. ಕರೆಂಟು ಹೋದ ಕೂಡಲೇ ಮೇಜಿನ ಕೆಳಗಿನ ಯುಪಿಎಸ್ ಟುಂಯ್ ಟುಂಯ್ ಎಂದು ಅಳಲು ಶುರುಮಾಡುತ್ತಿತ್ತು. ಐದು ನಿಮಿಷದಲ್ಲಿ ಎಲ್ಲ ಬಂದ್ ಮಾಡಬೇಕು.

ನಾವು ಎಂದರೆ ಅಣ್ಣ, ನಾನು ಮತ್ತು ನನ್ನ ಗೆಳತಿ. ಗೆಳತಿ ನಮ್ಮ ಪಕ್ಕದ ಮನೆಯವಳು. ಅವರದು ಹತ್ತಿ ಹಿಂಜಿ ಗಾದಿ ಹೊಲಿಯುವ ಮನೆತನ. ನಮ್ಮ ಹಿತ್ತಲಿಗೂ ಅವರ ಹಿತ್ತಲಿಗೂ ನಡುವೆ ಸೊಂಟದೆತ್ತರದ ಮಣ್ಣಿನ ಗೋಡೆ. ಆ ಗೋಡೆ ಹತ್ತಿ ಇಳಿದೇ ನಾವಿಬ್ಬರೂ ದೊಡ್ಡವರಾದೆವು. ಅವಳ ಜಡೆಯಲ್ಲಿ ಯಾವಾಗಲೂ ಹತ್ತಿಯ ಎಳೆಗಳು ಸಿಕ್ಕಿಕೊಂಡಿರುತ್ತಿದ್ದವು, ಶಾಲೆಗೆ ಹೋಗುವ ದಾರಿಯುದ್ದಕ್ಕೂ ನಾನು ಅವನ್ನು ಬಿಡಿಸುತ್ತಿದ್ದೆ. ಅವಳಿಗೆ ಧೈರ್ಯ ಹೆಚ್ಚು, ನನಗೆ ಯಜಮಾನಿಕೆ ಹೆಚ್ಚು. ಏನೇ ಆಟವಾದರೂ ಮಾಡುವವಳು ಅವಳು, ಹೇಗೆ ಮಾಡಬೇಕೆಂದು ಹೇಳುವವಳು ನಾನು. ಈ ಏರ್ಪಾಡು ಇಬ್ಬರಿಗೂ ಒಪ್ಪಿಗೆಯಾಗಿತ್ತು ಎಂದೇ ನಾನು ತಿಳಿದಿದ್ದೆ.

ಆ ವರ್ಷ ಅಣ್ಣ ಎಲ್ಲಿಂದಲೋ ಒಂದು ಆಟದ ಸೀಡಿ ತಂದ. ಆ ಆಟದ ಹೆಸರು ನನಗೆ ಆಗ ಸರಿಯಾಗಿ ಓದಲು ಬರುತ್ತಿರಲಿಲ್ಲ, ಈಗ ಹೇಳಲು ಮನಸ್ಸಿಲ್ಲ. ಎಲ್ಲ ಇಂಗ್ಲಿಷು, ಉದ್ದುದ್ದ ಸಾಲುಗಳು. ಅಣ್ಣ ಒಂದು ಕೈಯಲ್ಲಿ ಮೌಸು, ಇನ್ನೊಂದು ಕೈಯಲ್ಲಿ ಡಿಕ್ಷನರಿ ಹಿಡಿದು ಓದಿ ನಮಗೆ ಕನ್ನಡದಲ್ಲಿ ಹೇಳುತ್ತಿದ್ದ. ಜಗತ್ತಿನಲ್ಲಿ ದೊಡ್ಡ ಯುದ್ಧವಾಗಿದೆ. ಊರುಗಳೆಲ್ಲ ಸುಟ್ಟು ಬೂದಿಯಾಗಿವೆ. ಗಾಳಿ, ನೀರು, ಮಣ್ಣು ಎಲ್ಲ ವಿಷ. ಯುದ್ಧಕ್ಕೆ ಮೊದಲೇ ಸರಕಾರದವರು ಭೂಮಿಯೊಳಗೆ ದೊಡ್ಡ ದೊಡ್ಡ ಮನೆ ಕಟ್ಟಿಸಿ ಮಂದಿಯನ್ನು ಇಳಿಸಿ ಬಾಗಿಲು ಹಾಕಿದ್ದಾರೆ.

“ಹಗೇವು ಅಂತ ತಿಳ್ಕೋರಿ,” ಅಣ್ಣ ಹೇಳಿದ. “ನಾವು ಜ್ವಾಳ ತುಂಬತೀವಿ. ಇವರು ಮಂದೀನ ತುಂಬ್ಯಾರ.”

“ಜ್ವಾಳ ತಿನ್ನಾಕ ತುಂಬತೀವಿ. ಮಂದೀನ್ಯಾಕ?” ಗೆಳತಿ ಕೇಳಿದಳು.

“ಉಳಸಾಕ ಅಂತ ಹೇಳ್ಯಾರ. ಖರೇ ಅಂದ್ರ, ನೋಡಾಕ. ಒಂದೊಂದು ಹಗೇವಿನಾಗ ಒಂದೊಂದು ಪ್ರಯೋಗ. ಒಳಗಿದ್ದ ಮಂದಿಗೆ ಏನೂ ಗೊತ್ತಿಲ್ಲ.”

ಅವತ್ತಿನಿಂದ ನಮಗೆ ಆಟ ಬೇಡವಾಯಿತು, ಹಗೇವುಗಳ ಕತೆ ಬೇಕಾಯಿತು. ಒಂದು ಹಗೇವಿನಲ್ಲಿ ಗಡಿಯಾರವನ್ನು ದಿನಕ್ಕೆ ಇಷ್ಟಿಷ್ಟೇ ನಿಧಾನ ಮಾಡುತ್ತ ಹೋಗುತ್ತಾರೆ. ಒಳಗಿನವರಿಗೆ ಹತ್ತು ವರ್ಷ ಎಂದು ಲೆಕ್ಕ, ತಲೆ ನೋಡಿದರೆ ಎಲ್ಲ ಬೆಳ್ಳಗೆ. ಇನ್ನೊಂದರಲ್ಲಿ ಅರ್ಧ ಮಂದಿಯ ಊಟಕ್ಕೆ ಉಪ್ಪೇ ಹಾಕುವುದಿಲ್ಲ. ಉಪ್ಪು ಇದ್ದವರು ಉಪ್ಪಿಲ್ಲದವರಿಗೆ ಕೊಡುತ್ತಾರೋ, ಬಚ್ಚಿಡುತ್ತಾರೋ ನೋಡುವುದು. ಮತ್ತೊಂದರಲ್ಲಿ ಬಾಗಿಲಿಗೆ ಬೀಗವನ್ನೇ ಹಾಕಿಲ್ಲ. ಬೀಗ ಹಾಕಿದೆ ಎಂದು ಹೇಳಿದ್ದಾರೆ ಅಷ್ಟೇ, ಮೂರು ತಲೆಮಾರು ಕಳೆದರೂ ಒಬ್ಬನೂ ದೂಡಿ ನೋಡಿಲ್ಲ. ಇದನ್ನು ಕೇಳಿ ಗೆಳತಿ ಸಿಟ್ಟಾದಳು. “ನಾ ಮೊದಲನೇ ದಿನಾನ ದೂಡತಿದ್ದೆ,” ಎಂದಳು. ನಿಜ, ಅವಳು ದೂಡುತ್ತಿದ್ದಳು.

ನನ್ನ ಮನಸ್ಸು ಹಿಡಿದದ್ದು ಬೇರೊಂದು. ಆ ಹಗೇವಿನ ಮಂದಿಗೆ ಮೇಲಿನವರ ಜೊತೆ ಮಾತಾಡಲು ಒಂದು ಕೊಳವೆ ಇದೆ. ಅದರಲ್ಲಿ ಎಷ್ಟು ಕೂಗಿದರೂ ಮೇಲಿನಿಂದ ಉತ್ತರ ಬರುವುದಿಲ್ಲ. ಮೇಲೆ ಒಬ್ಬ ಕುಳಿತಿದ್ದಾನೆ, ಎಲ್ಲ ಕೇಳಿಸಿಕೊಳ್ಳುತ್ತಾನೆ, ಪುಸ್ತಕದಲ್ಲಿ ಬರೆದುಕೊಳ್ಳುತ್ತಾನೆ. ಉತ್ತರ ಮಾತ್ರ ಕೊಡಬಾರದು. ಎಷ್ಟು ಸಲ ಕರೆದ ಮೇಲೆ ಮನುಷ್ಯ ಕರೆಯುವುದನ್ನು ಬಿಡುತ್ತಾನೆ ಎನ್ನುವುದೇ ಪ್ರಯೋಗ. ಕೊಳವೆಯ ಮೇಲೆ ಪುಸ್ತಕ ಹಿಡಿದು ಕುಳಿತ ಆ ಮನುಷ್ಯನನ್ನು ನಾನು ಕಣ್ಣಾರೆ ಕಂಡಂತೆ ಆಯಿತು. ಹೆದರಿಕೆ ಆಗಬೇಕಿತ್ತು. ಆಗಲಿಲ್ಲ. ಆ ಕೆಲಸ ನನಗೆ ಸಿಕ್ಕರೆ ಎಷ್ಟು ಚೆನ್ನಾಗಿ ಮಾಡುತ್ತೇನೆ ಎಂದುಕೊಂಡೆ.

ಇಲ್ಲಿ ನಮ್ಮ ಮನೆಯ ಹಗೇವಿನ ವಿಷಯ ಹೇಳಬೇಕು, ಅಜ್ಜನ ವಿಷಯವನ್ನೂ.

ಅಂಗಳದಲ್ಲಿ ದನದ ಕೊಟ್ಟಿಗೆಗೆ ಹೋಗುವ ದಾರಿಯಲ್ಲಿ ಒಂದು ದುಂಡನೆಯ ಬಂಡೆಗಲ್ಲು ಇತ್ತು. ಅದರ ಕೆಳಗೆ ಹಗೇವು. ಬಾಯಿ ಸಣ್ಣದು, ಒಬ್ಬ ಮನುಷ್ಯ ಕೈ ಮೇಲೆತ್ತಿ ಇಳಿಯುವಷ್ಟು. ಒಳಗೆ ಹೊಟ್ಟೆ ದೊಡ್ಡದು, ಎರಡಾಳು ಆಳ. ಸುತ್ತ ಹುಲ್ಲು, ಜೋಳದ ದಂಟು ಹಾಸಿ ಜೋಳ ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ಹಗೇವಿನ ಜೋಳಕ್ಕೆ ಒಂದು ಬೇರೆ ವಾಸನೆ. ಅದರ ರೊಟ್ಟಿ ಬಡಿಯುವಾಗಲೇ ಓಣಿಗೆಲ್ಲ ಗೊತ್ತಾಗುತ್ತಿತ್ತು. ಕೆಲವರಿಗೆ ಆ ವಾಸನೆ ಸೇರುವುದಿಲ್ಲ. ನಾನು ಈಗ ಅದಕ್ಕಾಗಿ ಏನು ಬೇಕಾದರೂ ಕೊಟ್ಟೇನು.

ಅಜ್ಜ ಹಗೇವು ತೋಡುವುದರಲ್ಲಿ, ತುಂಬಿದ್ದನ್ನು ತೆರೆಯುವುದರಲ್ಲಿ ಹೆಸರಾದವನು. ಬೆಳವಣಕಿಯಿಂದ, ನರಗುಂದದ ಕಡೆಯ ಹಳ್ಳಿಗಳಿಂದ ಚಕ್ಕಡಿ ಕಟ್ಟಿಕೊಂಡು ಬಂದು ಅವನನ್ನು ಕರೆದೊಯ್ಯುತ್ತಿದ್ದರಂತೆ. ಹೊಳೆಮಣ್ಣೂರಿನ ಬೀಗರು ಒಮ್ಮೆ ತಮಗೂ ಒಂದು ಹಗೇವು ಬೇಕೆಂದಾಗ, “ನಿಮ್ಮೂರಾಗ ನೆಲದ ಬುಡದಾಗ ಹೊಳಿ ಮಲಗೇತಿ, ಜ್ವಾಳ ತುಂಬಿದರ ಅಂಬಲಿ ಆಕ್ಕೈತಿ,” ಎಂದು ನಕ್ಕು ಕಳಿಸಿದ್ದನಂತೆ. ನಾನು ಕಾಣುವ ಹೊತ್ತಿಗೆ ಜೋಳ ಚೀಲಕ್ಕೆ, ತಗಡಿನ ಡಬ್ಬಿಗೆ ಬಂದಿತ್ತು. ವರ್ಷಕ್ಕೆ ಒಂದೋ ಎರಡೋ ಕಡೆಯಿಂದ ಕರೆ ಬಂದರೆ ಹೆಚ್ಚು. ಅವನ ಜೊತೆ ಹೋಗಿ ನಾನೂ ನೋಡಿದ್ದೇನೆ. ಕಲ್ಲು ಸರಿಸಿ ಒಂದು ದಿನ ಹಾಗೇ ಬಿಡುತ್ತಿದ್ದ. ಮರುದಿನ ಹಗ್ಗಕ್ಕೆ ಕಂದೀಲು ಕಟ್ಟಿ ಹೊತ್ತಿಸಿ ಮೆಲ್ಲಗೆ ಕೆಳಗೆ ಬಿಡುತ್ತಿದ್ದ. ಆಮೇಲೆ ಒಬ್ಬ ಇಳಿಯುವುದು, ಸೊಂಟಕ್ಕೆ ಹಗ್ಗ. ಮೇಲೆ ಅಜ್ಜ ಹಗ್ಗ ಹಿಡಿದು ಹೊಟ್ಟೆಯ ಮೇಲೆ ಮಲಗಿ, ನಾಲ್ಕು ಉಸಿರಿಗೊಮ್ಮೆ ಕೆಳಗಿನವನ ಹೆಸರು ಹಿಡಿದು ಕರೆಯುತ್ತಿದ್ದ. ಕೆಳಗಿನವನು “ಓ” ಎನ್ನಬೇಕು. ಕೆಳಗಿನವನು ಕರೆದರೆ ಅಜ್ಜ “ಓ” ಎನ್ನಬೇಕು. ಯಾರಾದರೂ ಆ ಹೊತ್ತಿನಲ್ಲಿ ಚಹಾ ತಂದರೆ ಅಜ್ಜ ಕಣ್ಣೆತ್ತಿಯೂ ನೋಡುತ್ತಿರಲಿಲ್ಲ.

“ಮ್ಯಾಲಿದ್ದಾವಗ ಬ್ಯಾರೆ ಕೆಲಸ ಇರಬಾರದು,” ಎನ್ನುತ್ತಿದ್ದ.

ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಹೇಳಲು ದಾರಿಯಿಲ್ಲ.

ಪರೀಕ್ಷೆ ಮುಗಿದು ಸೂಟಿ ಬಿಟ್ಟಿತ್ತು. ಅವ್ವ ಹೊಳೆಆಲೂರಿನಲ್ಲಿ ಯಾರದೋ ಸೀಮಂತಕ್ಕೆ ಹೋಗಿದ್ದಳು. ಅಪ್ಪ ಹೊಲದಲ್ಲಿ. ಅಜ್ಜ ಜೋಳ ಬೀಸಿಸಲು ಗಿರಣಿಗೆ ಹೊರಟವನು, ಅಲ್ಲಿ ಪಾಳಿ ಬರುವ ತನಕ ಮಾತಿಗೆ ಕುಳಿತನೆಂದರೆ ಸಂಜೆಯೇ. ನಮ್ಮ ಹಗೇವು ಎರಡು ವರ್ಷದಿಂದ ಖಾಲಿ ಇತ್ತು. ಖಾಲಿ ಇದ್ದುದರಿಂದ ಬಾಯಿಗೆ ಮಣ್ಣು ಮೆತ್ತಿರಲಿಲ್ಲ, ಬಂಡೆಗಲ್ಲು ಸುಮ್ಮನೆ ಕೂತಿತ್ತು. ಹಿಂದಿನ ಮಳೆಗಾಲದಲ್ಲಿ ಸಂದಿಯಿಂದ ನೀರು ಇಳಿದು ಒಳಗಿನ ಹುಲ್ಲೆಲ್ಲ ಕೊಳೆತಿದೆ ಎಂದು ಮಾತ್ರ ನಮಗೆ ಗೊತ್ತಿರಲಿಲ್ಲ.

ಗೆಳತಿಗೆ ನಾನು ಹೇಳಿದ ಪ್ರಯೋಗ ಬೇರೆ. ಕತ್ತಲಲ್ಲಿ ಒಬ್ಬಳೇ ಎಷ್ಟು ಹೊತ್ತು ಕೂರುತ್ತಾಳೆ ನೋಡುವುದು ಎಂದಿದ್ದೆ. ನನ್ನ ನಿಜವಾದ ಪ್ರಯೋಗ ನನ್ನ ನೋಟುಬುಕ್ಕಿನ ಮೊದಲ ಪುಟದಲ್ಲಿತ್ತು: ಮೇಲಿನಿಂದ ಉತ್ತರ ಕೊಡಬಾರದು. ಒಳಗಿನವರಿಗೆ ನಿಜವಾದ ಪ್ರಯೋಗ ಗೊತ್ತಿರಬಾರದೆಂದು ಅಣ್ಣ ಹೇಳಿದ್ದನಲ್ಲ, ನಾನು ಕಟ್ಟುನಿಟ್ಟಾಗಿ ಪಾಲಿಸಿದೆ.

ಹಾರೆ ಹಾಕಿ ಮೀಟಿ ಇಬ್ಬರೂ ಕಲ್ಲು ಸರಿಸಿದೆವು. ಬೆಚ್ಚಗಿನ ಗಾಳಿ ಮುಖಕ್ಕೆ ಹೊಡೆಯಿತು, ಹುಳಿ ವಾಸನೆ. “ಹಳೇ ಜ್ವಾಳದ ವಾಸನಿ,” ಎಂದು ನಾನೇ ತೀರ್ಪು ಕೊಟ್ಟೆ. ಕಂದೀಲಿನ ನೆನಪು ನನಗೆ ಬಂತು. ಆದರೆ ಕಂದೀಲನ್ನು ಇಳಿಸುವುದು ಒಳಗೆ ಹಾವು ಚೇಳು ಇದೆಯೋ ಎಂದು ನೋಡಲಿಕ್ಕೆ ಎಂದೇ ನಾನು ತಿಳಿದಿದ್ದೆ. ನೋಡಲಿಕ್ಕಾದರೆ ಕಂದೀಲಿಗಿಂತ ಬ್ಯಾಟರಿ ಮೇಲು. ಆಟದಲ್ಲಿಯೂ ಹಗೇವಿನ ಮಂದಿ ಕೈಗೆ ದೀಪ ಕಟ್ಟಿಕೊಂಡಿರುತ್ತಿದ್ದರು. ಅಪ್ಪ ಹೊಲಕ್ಕೆ ನೀರು ಬಿಡಲು ಒಯ್ಯುವ ಮೂರು ಸೆಲ್ಲಿನ ಬ್ಯಾಟರಿಯನ್ನು ಹಗ್ಗಕ್ಕೆ ಕಟ್ಟಿ ಇಳಿಸಿದೆವು. ತಳದ ತನಕ ಝಗಝಗ ಎಂದು ಉರಿಯಿತು. ಹಾವಿಲ್ಲ, ಚೇಳಿಲ್ಲ. ಹುಲ್ಲು ಕರ್ರಗೆ ಕಂಡಿತು, ಅಷ್ಟೇ.

ಅವಳ ಸೊಂಟಕ್ಕೆ ಹಗ್ಗ ಕಟ್ಟಿ ಇನ್ನೊಂದು ತುದಿಯನ್ನು ಕೊಟ್ಟಿಗೆಯ ಕಂಬಕ್ಕೆ ಬಿಗಿದೆ. ಅಜ್ಜನ ಮಾತುಗಳಲ್ಲಿ ನಾನು ಪಾಲಿಸಿದ್ದು ಇದೊಂದನ್ನೇ. ಕೊಟ್ಟಿಗೆಯಲ್ಲಿದ್ದ ಏಣಿಯನ್ನು ಒಳಗೆ ಇಳಿಬಿಟ್ಟೆವು. ಅವಳು ಏಣಿ ಇಳಿದಳು, ಬ್ಯಾಟರಿ ಹಿಡಿದುಕೊಂಡು, ನಗುತ್ತ. ಬ್ಯಾಟರಿ ಆರಿಸಿದಳು. ನಾನು ಅಪ್ಪನ ಕೈಗಡಿಯಾರ ನೋಡಿ ಬರೆದೆ: ಮೂರು ಹತ್ತು, ಇಳಿದಳು.

ಸ್ವಲ್ಪ ಹೊತ್ತು ಅವಳು ಹಾಡಿಕೊಂಡಳು. ಬಳಿಕ, “ಇಲ್ಲಿ ಭಾಳ ಶಕಿ ಐತಿ,” ಎಂದಳು. ನಾನು ಉತ್ತರ ಕೊಡಲಿಲ್ಲ, ಬರೆದುಕೊಂಡೆ. ಆಮೇಲೆ ನನ್ನ ಹೆಸರು ಹಿಡಿದು ಕರೆದಳು. ನಾನು ಬರೆದೆ: ಒಂದು ಸಲ ಕರೆದಳು. ಅವಳು ಮತ್ತೆ ಕರೆದಳು. ಈ ಸಲ ದನಿ ಮೆತ್ತಗಿತ್ತು, ನಿದ್ದೆಗಣ್ಣಿನಲ್ಲಿ ಕರೆದ ಹಾಗೆ. ಎರಡು ಸಲ, ಎಂದು ತಿದ್ದಿದೆ. ಎಷ್ಟು ಬೇಗ ಬಿಡುತ್ತಾಳೆ ನೋಡೋಣ ಎಂದು ನನಗೆ ಒಳಗೊಳಗೇ ನಗು. ಆಮೇಲೆ ಸದ್ದಿಲ್ಲ. ಅವಳೂ ಏನೋ ಆಟ ಕಟ್ಟಿದ್ದಾಳೆ, ನನ್ನನ್ನು ಸೋಲಿಸಲು ಸುಮ್ಮನೆ ಕುಳಿತಿದ್ದಾಳೆ ಎಂದುಕೊಂಡೆ. ಮೂರು ಹದಿನಾರು, ಸುಮ್ಮನಾದಳು. ಇದನ್ನು ದುಂಡಗಿನ ಅಕ್ಷರದಲ್ಲಿ ಬರೆದು ಕೆಳಗೆ ಗೆರೆ ಎಳೆದೆ.

ಆ ಗೆರೆ ಎಳೆಯುವಾಗ ಅಜ್ಜ ಒಳಗೆ ಬಂದ. ಗಿರಣಿಯಲ್ಲಿ ಕರೆಂಟು ಹೋಗಿತ್ತಂತೆ. ಇವತ್ತಿಗೂ ನಾನು ಕರೆಂಟು ಹೋದರೆ ಯಾರನ್ನೂ ಬೈಯುವುದಿಲ್ಲ.

ಅಜ್ಜ ಏನಾಯಿತೆಂದು ಕೇಳಲಿಲ್ಲ. ಸರಿದ ಕಲ್ಲು, ಹಗ್ಗ, ನನ್ನ ಕೈಯ ಪುಸ್ತಕ ಮೂರನ್ನೂ ನೋಡಿದ. ಜೋಳದ ಡಬ್ಬಿ ಕೈಬಿಟ್ಟು ಹೊಟ್ಟೆಯ ಮೇಲೆ ಬಿದ್ದು ಹಗೇವಿನ ಬಾಯಿಗೆ ಮುಖವಿಟ್ಟು ಅವಳ ಹೆಸರು ಕರೆದ. “ಓ” ಬರಲಿಲ್ಲ. ಇನ್ನೊಂದು ಸಲ ಕರೆಯಲಿಲ್ಲ, ಹಗ್ಗ ಎಳೆಯಲು ಹತ್ತಿದ. ಎಳೆಯುತ್ತಲೇ ಗೋಡೆಯಾಚೆಗೆ ಕೂಗು ಹಾಕಿದ. ಗೆಳತಿಯ ಅಬ್ಬಾ ಹತ್ತಿ ಹಿಂಜುತ್ತಿದ್ದವರು ಹಾಗೇ ಗೋಡೆ ಹಾರಿ ಬಂದರು, ಮೀಸೆ ಹುಬ್ಬಿನ ಮೇಲೆಲ್ಲ ಬಿಳಿ ಹತ್ತಿ. ಇಬ್ಬರೂ ಸೇರಿ ಎಳೆದರು. ಅವಳು ಮೇಲೆ ಬಂದಳು. ತುಟಿ ನೀಲಿಯಾಗಿತ್ತು, ಜಡೆಗೆ ಕೊಳೆತ ಹುಲ್ಲು ಮೆತ್ತಿತ್ತು. ನಾನು ಪುಸ್ತಕ ಹಿಡಿದುಕೊಂಡೇ ನಿಂತಿದ್ದೆ.

ಅಜ್ಜ ಅವಳನ್ನು ಬೇವಿನ ಗಿಡದ ಕೆಳಗೆ ಮಲಗಿಸಿ ಮುಖಕ್ಕೆ ನೀರು ಹೊಡೆದ, ಮೊರದಿಂದ ಬೀಸಿದ, ಎದೆ ತಿಕ್ಕಿದ. ಎಷ್ಟು ಹೊತ್ತು ಎಂದು ನನಗೆ ಗೊತ್ತಿಲ್ಲ. ಗಡಿಯಾರ ಕೈಯಲ್ಲೇ ಇತ್ತು, ನೋಡಲಿಲ್ಲ. ಕಡೆಗೆ ಅವಳು ಕೆಮ್ಮಿದಳು, ವಾಂತಿ ಮಾಡಿಕೊಂಡಳು, ಅಮ್ಮಿ ಎಂದಳು. ಅವಳ ಅಬ್ಬಾ ಅಲ್ಲಿಯೇ ನೆಲದ ಮೇಲೆ ಕುಸಿದು ಕುಳಿತರು. ದವಾಖಾನಿಗೆ ಒಯ್ದರು, ಸಲಾಯಿನ್ ಹಚ್ಚಿದರು. ಸಂಜೆಯ ಹೊತ್ತಿಗೆ ಎದ್ದು ಕುಳಿತಿದ್ದಾಳೆ ಎಂದು ಸುದ್ದಿ ಬಂತು. ಆ ಸುದ್ದಿ ಬರುವ ತನಕ ನಾನು ಕೊಟ್ಟಿಗೆಯಲ್ಲಿ ಎಮ್ಮೆಯ ಹಿಂದೆ ಅಡಗಿ ಕುಳಿತಿದ್ದೆ. ನನ್ನನ್ನು ಹುಡುಕುವ ಪುರಸೊತ್ತು ಯಾರಿಗೂ ಇರಲಿಲ್ಲ.

ಅಜ್ಜ ಹುಡುಕಿದ. ಬಂದು ನನ್ನ ಪಕ್ಕದಲ್ಲಿ ಕುಳಿತ.

“ಕಂದೀಲು ಯಾಕ ಇಳಸಲಿಲ್ಲ?”

“ಬ್ಯಾಟರಿ ಇಳಿಸಿದ್ವಿ. ತಳದ ತನಕಾ ಚಲೋ ಉರೀತು,” ಎಂದೆ.

“ಬ್ಯಾಟರಿಗೆ ಉಸರು ಬೇಕಾಗೂದಿಲ್ಲವ್ವ,” ಎಂದ. “ಕಂದೀಲಿಗೆ ಬೇಕು. ಅದು ಆರಿದರ ಮನಷ್ಯಾನೂ ಆರತಾನ. ಕೆಟ್ಟ ಗಾಳಿ ಕಣ್ಣಿಗೆ ಕಾಣತೈತೇನು?”

ಅಜ್ಜ ಕಂದೀಲಿನ ಬೆಳಕಿನಲ್ಲಿ ಹಗೇವು ನೋಡುತ್ತಾನೆ ಎಂದು ನಾನು ತಿಳಿದಿದ್ದೆ. ಅವನು ಅಷ್ಟು ವರ್ಷ ನೋಡುತ್ತಿದ್ದುದು ಕಂದೀಲನ್ನೇ.

ಬಳಿಕ ಅವನು ಪುಸ್ತಕ ಕೇಳಿದ. ಅವನಿಗೆ ಓದು ಬರುತ್ತಿರಲಿಲ್ಲ. ನೀನೇ ಓದು ಎಂದ. ನಾನು ಓದಿದೆ: ಮೂರು ಹತ್ತು, ಇಳಿದಳು. ಹಾಡಿದಳು. ಶಕಿ ಎಂದಳು. ಆಮೇಲಿನ ಸಾಲು ಬಂದಾಗ ಅದರ ಮೇಲೆ ಹೆಬ್ಬೆರಳು ಇಟ್ಟೆ. ಅದನ್ನು ಬಿಟ್ಟು, ಮೂರು ಹದಿನಾರು ಸುಮ್ಮನಾದಳು ಎಂದು ಓದಿ ಪುಸ್ತಕ ಮುಚ್ಚಿದೆ.

“ಕರೀಲಿಲ್ಲ ಆಕಿ?”

“ಇಲ್ಲ. ಕರದಿದ್ರೂ ನನಗ ಕೇಳಿಸಲಿಲ್ಲ.”

ಅಜ್ಜ ನನ್ನ ಮುಖ ನೋಡಲಿಲ್ಲ, ಎಮ್ಮೆಯ ಬೆನ್ನು ನೋಡುತ್ತಿದ್ದ. “ಹಗೇವಿನಾಗ ಸೂಜಿ ಬಿದ್ದರೂ ಮ್ಯಾಲೆ ಕೇಳತೈತಿ,” ಎಂದ. ಪುಸ್ತಕವನ್ನು ನನ್ನ ಕೈಯಿಂದ ತೆಗೆದುಕೊಂಡು ಅಂಗಿಯ ಒಳಜೇಬಿಗೆ ಹಾಕಿಕೊಂಡ.

ಮರುದಿನ ಗೆಳತಿ ದವಾಖಾನಿಯಿಂದ ಮನೆಗೆ ಬಂದಳು. ನೋಡಲು ಹೋದೆ. ಅವಳ ಅಮ್ಮಿಯನ್ನು ನಾನು ಚಾಚಿ ಎನ್ನುತ್ತಿದ್ದೆ. ಚಾಚಿ ನನ್ನನ್ನು ಒಳಗೆ ಕರೆದರು, ಆದರೆ ಯಾವತ್ತಿನ ಹಾಗೆ ಕೈಗೆ ತಿನ್ನಲು ಏನೂ ಕೊಡಲಿಲ್ಲ. ಅವಳು ಹೊಸ ಗಾದಿಯ ಮೇಲೆ ಮಲಗಿದ್ದಳು. ಸುತ್ತ ಅಬ್ಬಾ, ಚಾಚಿ, ಓಣಿಯ ಇಬ್ಬರು ಮುದುಕಿಯರು. ಎಲ್ಲರ ಎದುರಿಗೇ ಕೇಳಿದಳು.

“ನಾ ಕರದೆ. ನಿನಗ ಕೇಳಿಸಲಿಲ್ಲ ಹೌದಿಲ್ಲೊ?”

“ಇಲ್ಲ,” ಎಂದೆ.

“ಅದ ಹೇಳಾಕತ್ತಿದ್ದೆ ಇವರಿಗೆ. ಹಗೇವಿನಾಗಿಂದ ದನಿ ಮ್ಯಾಲ ಬರೂದಿಲ್ಲ,” ಎಂದು ಅಬ್ಬಾನ ಕಡೆ ತಿರುಗಿ ಹೇಳಿದಳು. ಅಬ್ಬಾ ತಲೆಯಾಡಿಸಿದರು. ಚಾಚಿ ಎದ್ದು ಹೋಗಿ ನನಗೊಂದು ತಟ್ಟೆ ಚುರುಮುರಿ ತಂದುಕೊಟ್ಟರು. ಅವಳು ನನ್ನ ಸುಳ್ಳನ್ನು ನಂಬಿದಳಲ್ಲ ಎಂದು ಜೀವ ತಣ್ಣಗಾಯಿತು. ಚುರುಮುರಿ ಮಾತ್ರ ಮುಟ್ಟಲಿಲ್ಲ.

ಅಜ್ಜ ಅದೇ ಸಂಜೆ ಅವರ ಮನೆಗೆ ಹೋಗಿ ಹೊಸ್ತಿಲಿನ ಹೊರಗೆ ನಿಂತು, “ತಪ್ಪು ನಂದೈತಿ, ಬಾಯಿ ಮೆತ್ತದ ಇಟ್ಟಿದ್ದೆ,” ಎಂದ. ಗೆಳತಿಯ ಅಬ್ಬಾ ಓಡಿ ಬಂದು ಅವನ ಕೈ ಹಿಡಿದುಕೊಂಡು, “ಹಂಗ ಅನಬ್ಯಾಡ್ರಿ ಅಜ್ಜಾರ, ನೀವು ಬಂದಿದ್ದಕ್ಕ ನನ್ನ ಮಗಳು ಅದಾಳ್ರಿ,” ಎಂದರು. ಇದನ್ನು ನಾನು ಗೋಡೆಯ ಈಚೆಯಿಂದ ಕೇಳಿದೆ.

ಹಗೇವು ಮುಚ್ಚಬೇಕೆಂದು ಅಪ್ಪ ಹೇಳಿದ. ಅಜ್ಜ ಇಲ್ಲ ಎನ್ನಲಿಲ್ಲ. ಆಳು ಕರೆಯಲು ಬಿಡದೆ ತಾನೇ ಬುಟ್ಟಿಯಲ್ಲಿ ಮಣ್ಣು ಹೊತ್ತು ನಾಲ್ಕು ದಿನ ತುಂಬಿದ. ಮೊದಲ ಬುಟ್ಟಿ ಸುರಿಯುವ ಮುಂಚೆ ಒಳಜೇಬಿನಿಂದ ನನ್ನ ಪುಸ್ತಕ ತೆಗೆದು ಒಳಗೆ ಬಿಟ್ಟ. ಅದು ತಳಕ್ಕೆ ಬಿದ್ದ ಸದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು. ಅಜ್ಜ ಆಗಲೂ ನನ್ನ ಕಡೆ ನೋಡಲಿಲ್ಲ. ಮತ್ತೆಂದೂ ಆ ಮಾತು ಎತ್ತಲಿಲ್ಲ. ಎತ್ತಿ ನಾಲ್ಕು ಏಟು ಬಿಟ್ಟಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಮೂರು ವರ್ಷದ ಬಳಿಕ ಅವನು ತೀರಿಕೊಂಡ.

ನಾವಿಬ್ಬರೂ ಮೊದಲಿನ ಹಾಗೆಯೇ ಇದ್ದೆವು. ಗೋಡೆ ಹತ್ತಿದೆವು, ಇಳಿದೆವು, ಅವಳ ಜಡೆಯ ಹತ್ತಿಯನ್ನು ನಾನು ಬಿಡಿಸಿದೆ. ಹತ್ತನೆಯ ಇಯತ್ತೆ ಮುಗಿಯಿತು, ಪಿಯುಸಿಯೂ ಮುಗಿಯಿತು. ನಾನು ಮಾತ್ರ ಅವಳ ಮೇಲೆ ಯಜಮಾನಿಕೆ ಮಾಡುವುದನ್ನು ಬಿಟ್ಟಿದ್ದೆ. ಅವಳು ಹೇಳಿದ ದಾರಿಯಲ್ಲಿ ಹೋಗುತ್ತಿದ್ದೆ, ಅವಳು ಆರಿಸಿದ ಬಳೆ ಹಾಕಿಕೊಳ್ಳುತ್ತಿದ್ದೆ. ಅದನ್ನು ಅವಳು ಗಮನಿಸಿಲ್ಲ ಎಂದುಕೊಂಡಿದ್ದೆ. ಎಷ್ಟೋ ಸಲ ಬಾಯಿಯ ತುದಿಗೆ ಮಾತು ಬಂದು ವಾಪಸು ಹೋಗುತ್ತಿತ್ತು. ಹೇಳಿದರೆ ಅವಳು ಹೋಗುತ್ತಾಳೆ, ಹೇಳದಿದ್ದರೆ ಇರುತ್ತಾಳೆ. ನನಗೆ ಅವಳು ಬೇಕಾಗಿದ್ದಳು.

ಆ ಹೊತ್ತಿಗೆ ಅಣ್ಣ ಗಜೇಂದ್ರಗಡದಲ್ಲಿ ಸ್ವಂತ ಅಂಗಡಿ ತೆರೆದಿದ್ದ. ರೋಣದ ಅಂಗಡಿಯ ಕಂಪ್ಯೂಟರಿನ ಮುಂದೆ ನಾನು ಕುಳಿತಿದ್ದೆ. ಅದೇ ಕಂಪ್ಯೂಟರು, ಅದೇ ಹೂವಿನ ಹೊದಿಕೆ, ಬಣ್ಣ ಹೋಗಿತ್ತು. ಒಮ್ಮೆ ಅಣ್ಣ ಬಂದಾಗ ಆ ಆಟದ ಹಗೇವುಗಳ ಬಗ್ಗೆ ಕೇಳಿದೆ. ಅವನು ನಕ್ಕ. “ಒಂದೋ ಎರಡೋ ಖರೇ. ಉಳಕಿದ್ದೆಲ್ಲ ನಂದ. ನೀವು ಬಾಯಿ ತಕ್ಕೊಂಡು ಕೇಳತಿದ್ರಿ, ನನಗೂ ಹುರುಪು ಬರತಿತ್ತು,” ಎಂದ.

“ಉತ್ತರ ಕೊಡದ ಹಗೇವು?”

“ಅದೂ ನಂದ ಇರಬೇಕು. ನೆನಪಿಲ್ಲ ನನಗ.”

ಅವನಿಗೆ ನೆನಪೂ ಇರಲಿಲ್ಲ. ಮಧ್ಯಾಹ್ನದ ಬೇಸರ ಕಳೆಯಲು ಹುಟ್ಟಿಸಿದ ಒಂದು ಮಾತು. ಅದನ್ನು ನಿಜ ಮಾಡಿದವಳು ನಾನೊಬ್ಬಳೇ.

ಗೆಳತಿಗೆ ನರಗುಂದದ ಹುಡುಗನೊಂದಿಗೆ ನಿಕಾಹ್ ಗೊತ್ತಾಯಿತು. ಪತ್ರಿಕೆ ನಮ್ಮಲ್ಲಿಯೇ. ನಮ್ಮ ಕಂಪ್ಯೂಟರಿನಲ್ಲಿ ಉರ್ದು ಅಕ್ಷರ ಇರಲಿಲ್ಲ. ಆ ಸಾಲುಗಳನ್ನು ಗದಗಿನಲ್ಲಿ ಕೈಯಿಂದ ಬರೆಸಿ ತಂದು ಅಂಟಿಸುತ್ತಿದ್ದೆವು. ಕನ್ನಡದ ಭಾಗವನ್ನು ನಾನು ಟೈಪು ಮಾಡುತ್ತಿದ್ದೆ. ಮಧ್ಯಾಹ್ನ ಎರಡು ಗಂಟೆ, ಕಾಕಾ ಊಟಕ್ಕೆ ಹೋಗಿದ್ದ. ಅವಳು ಕರಡು ನೋಡಲು ಬಂದು ನನ್ನ ಪಕ್ಕದ ಸ್ಟೂಲಿನಲ್ಲಿ ಕುಳಿತಳು. ಅವಳ ಹೆಸರನ್ನು ದಪ್ಪಕ್ಷರದಲ್ಲಿ ಹೊಡೆದೆ. ಆ ಹೆಸರನ್ನು ತೆರೆಯ ಮೇಲೆ ನೋಡುತ್ತಿದ್ದ ಹಾಗೆ ಅಜ್ಜ ಹೊಟ್ಟೆಯ ಮೇಲೆ ಮಲಗಿ ಅದನ್ನು ಕರೆದದ್ದು ಕಿವಿಯಲ್ಲಿ ಕೇಳಿತು. ಕೈ ನಿಂತಿತು.

“ನಿನಗೊಂದು ಹೇಳಬೇಕು,” ಎಂದೆ. “ಅವತ್ತು ನೀ ಕರದದ್ದು ನನಗ ಕೇಳಿಸಿತ್ತು. ಎರಡು ಸಲಾನೂ ಕೇಳಿಸಿತ್ತು. ಬೇಕಂತನ ಸುಮ್ಮನ ಕುಂತಿದ್ದೆ. ಬರಕೋತಿದ್ದೆ.”

ಅವಳು ತೆರೆಯ ಕಡೆಯೇ ನೋಡುತ್ತಿದ್ದಳು. “ಇಲ್ಲಿ ದೀರ್ಘ ಬೇಕು,” ಎಂದು ತನ್ನ ಮಾವನ ಹೆಸರಿನ ಮೇಲೆ ಬೆರಳಿಟ್ಟಳು. ನಾನು ತಿದ್ದಿದೆ.

“ಕೆಳಗ ಕುಂತರ ಹಗೇವಿನ ಬಾಯಿ ಬೆಳ್ಳಗ ಕಾಣತೈತಿ,” ಎಂದಳು. “ಅದರಾಗ ನಿನ್ನ ತಲಿ ಇತ್ತು. ನಾ ಕರದಾಗ ಒಮ್ಮಿ ಎತ್ತಿದಿ. ಮತ್ತ ಬಗ್ಗಿಸಿ ಬರದಿ.”

“ಗೊತ್ತಿತ್ತು ನಿನಗ?”

“ಹೂಂ.”

“ಮತ್ತ ಎಲ್ಲಾರ ಮುಂದ ಕೇಳಸೂದಿಲ್ಲ ಅಂದಿ.”

“ಅನ್ನದಿದ್ದರ ಅಬ್ಬಾ ನಿಮ್ಮನಿ ಕಡೆ ಹೊಳ್ಳಿ ನೋಡಗೊಡತಿದ್ದಿಲ್ಲ. ನನಗ ಬ್ಯಾರೆ ಗೆಳತಿ ಎಲ್ಲಿದ್ಲು?” ಅವಳು ದುಪಟ್ಟಾದ ತುದಿಯಿಂದ ತೆರೆಯ ಧೂಳು ಒರೆಸಿದಳು. “ಸಿಟ್ಟು ಭಾಳ ಇತ್ತು. ಆದರ ನೀ ಎಂದ ಹೇಳ್ತಿ ನೋಡೂಣು ಅಂತ ಸುಮ್ಮನ ಕುಂತೆ. ಪ್ರಯೋಗ ನಿನಗಷ್ಟ ಬರತೈತೇನು? ಏಳು ವರ್ಷ ಹಿಡೀತು ನಿನಗ.”

ನಾನು ಅತ್ತೆ. ನಾಚಿಕೆ ಬಿಟ್ಟು, ಕೀಬೋರ್ಡಿನ ಮೇಲೆ ತಲೆಯಿಟ್ಟು ಅತ್ತೆ. ತೆರೆಯ ಮೇಲೆ ಲಗ್ನಪತ್ರಿಕೆಯ ನಡುವೆ ಒಂದೇ ಅಕ್ಷರ ಸಾಲುಗಟ್ಟಲೆ ಬಿದ್ದಿತು. ಅವಳು ನನ್ನ ಬೆನ್ನು ಸವರಲಿಲ್ಲ, ಬಿಡು ಎಂದೂ ಅನ್ನಲಿಲ್ಲ. ಅಳು ಮುಗಿಯುವ ತನಕ ಕಾದು, ಆ ಸಾಲುಗಳನ್ನು ತಾನೇ ಅಳಿಸಿದಳು. ಬಳಿಕ ಕರಡು ಮಡಚಿಕೊಂಡು ಎದ್ದಳು.

ಚಪ್ಪಲಿ ಮೆಟ್ಟಿ ಮೆಟ್ಟಿಲಿಳಿದು ಅವಳು ಗೋಡೆಯ ಮರೆಗೆ ಹೋದದ್ದು ಕಂಡಿತು. ನಾನು ಮುಖ ಒರೆಸಿಕೊಂಡು ಮುಂದಿನ ಸಾಲು ಹೊಡೆಯಲು ಹತ್ತಿದೆ. ಆಗ ಹೊರಗಿನಿಂದ ನನ್ನ ಹೆಸರು ಹಿಡಿದು ಕರೆದಳು. ಕೆಲಸವೇನೂ ಇರಲಿಲ್ಲ, ಸುಮ್ಮನೆ ಕರೆದದ್ದು.

ನಾನು ಕೀಬೋರ್ಡಿನಿಂದ ಕೈ ತೆಗೆದು, “ಓ” ಎಂದೆ.